ತಳ ಮುಚ್ಚುವ ಮುನ್ನ

ತಮ್ಮಾ, ಕೊಯಿ ಮೀನಿನ ಕೊಳ ಕಟ್ಟುವ ಕೆಲಸ ಒಪ್ಪಿಕೊಂಡಿದ್ದೀಯ ಎಂದು ಕೇಳಿ ಸಂತೋಷವಾಯಿತು. ಮನೆ ಕಟ್ಟಿ ಪಳಗಿದ ಕೈ ನಿನ್ನದು. ಸಂಪು ಕಟ್ಟಿದ್ದೀಯ, ತಾರಸಿ ಹಾಕಿಸಿದ್ದೀಯ. ಅದಕ್ಕೇ ಈ ಮಾತು ಹೇಳಬೇಕೆನಿಸಿತು. ‘ಇದೂ ಒಂದು ಸಂಪೇ ತಾನೆ, ಮುಚ್ಚಳ ಇಲ್ಲದ್ದು’ ಎಂದುಕೊಂಡು ಇಳಿಯುವ ಅಪಾಯ ಹೊಸಬರಿಗಿಂತ ನಿನ್ನಂಥವರಿಗೇ ಹೆಚ್ಚು. ಸಂಪು ಕೊಂಚ ಜಿನುಗಿದರೆ ಯಾರ ಗಮನಕ್ಕೂ ಬರುವುದಿಲ್ಲ. ನೀರು ಕಮ್ಮಿಯಾಯಿತೆಂದು ಇನ್ನೊಂದು ಟ್ಯಾಂಕರ್ ತರಿಸುತ್ತಾರೆ, ಮುಗಿಯಿತು. ಕೊಳದೊಳಗೆ ಜೀವ ಇರುತ್ತದೆ. ಅಲ್ಲಿ ಸೋರಿಕೆ ಬಂದರೆ ಮೀನುಗಳನ್ನೆಲ್ಲ ಬೇರೆಡೆ ಇಡಬೇಕು, ನೀರು ಖಾಲಿ ಮಾಡಬೇಕು, ಒಣಗಿಸಬೇಕು, ಹುಡುಕಬೇಕು. ಸ್ಥಳ ಬದಲಾದ ಗಾಬರಿಗೇ ಒಂದೆರಡು ಮೀನು ಸತ್ತರೂ ಸತ್ತವೇ.

ನನ್ನ ಮಾತಿನ ಸಾರ ಇಷ್ಟೆ. ಗೋಡೆಯನ್ನು ಮುಂದೆ ತಿದ್ದಬಹುದು, ಅಂಚಿನ ಕಲ್ಲು ಬದಲಿಸಬಹುದು, ಪಂಪು-ಫಿಲ್ಟರ್ ಬೇರೆ ತರಬಹುದು. ತಳಕ್ಕೆ ಮಾತ್ರ ಎರಡನೇ ಅವಕಾಶ ಇಲ್ಲ. ಆದ್ದರಿಂದ ಕಾಂಕ್ರೀಟ್ ಸುರಿಯುವ ದಿನಕ್ಕಿಂತ, ಸುರಿಯುವ ಮೊದಲಿನ ವಾರದಲ್ಲಿ ನೀನು ಏನೇನು ನೋಡಿಕೊಂಡೆ ಎನ್ನುವುದೇ ದೊಡ್ಡದು.

ಮೊದಲು ಈ ಮೀನನ್ನು ತಿಳಿದುಕೊ. ಅಂಗಡಿಯಲ್ಲಿ ತೋರಿಸುವುದು ಬೆರಳುದ್ದದ ಮರಿ. ಒಳ್ಳೆಯ ನೀರು ಸಿಕ್ಕರೆ ಅದು ಎರಡು ಅಡಿಯವರೆಗೂ ಬೆಳೆಯುತ್ತದೆ, ಇಪ್ಪತ್ತು-ಮೂವತ್ತು ವರ್ಷ ಬದುಕಬಲ್ಲದು. ಅಂದರೆ ನೀನು ಕಟ್ಟುವ ತಳವೂ ಅಷ್ಟು ವರ್ಷ ನೀರು ಹಿಡಿದಿರಬೇಕು. ಈ ಮೀನಿಗೆ ಬಣ್ಣ ಕೊಟ್ಟವರು ಜಪಾನಿನ ನೀಗಾತ ಪ್ರಾಂತ್ಯದ ಯಮಕೋಶಿ ಬೆಟ್ಟಗಳ ಭತ್ತದ ರೈತರು. ಊಟಕ್ಕೆಂದು ಸಾಕುತ್ತಿದ್ದ ಕಾರ್ಪ್ ಮೀನಿನಲ್ಲಿ ಅಪರೂಪಕ್ಕೆ ಹುಟ್ಟಿದ ಬಣ್ಣದ ಮರಿಗಳನ್ನು ಆರಿಸಿ ಆರಿಸಿ ತಳಿ ಮಾಡಿದರು. 1914ರಲ್ಲಿ ಟೋಕಿಯೊದ ವಸ್ತುಪ್ರದರ್ಶನದಲ್ಲಿ ಇಟ್ಟ ಮೇಲೆ ಹೊರಗಿನ ಜನಕ್ಕೆ ಪರಿಚಯವಾಯಿತು. ಅಲ್ಲಿ ಇವತ್ತಿಗೂ ಮೀನು ಬೆಳೆಸುವುದು ಬೆಟ್ಟದ ಇಳಿಜಾರಿನ ಮಣ್ಣಿನ ಕೊಳಗಳಲ್ಲೇ. ಆ ಜೇಡಿಮಣ್ಣೇ ನೀರು ಹಿಡಿಯುತ್ತದೆ. ಆದರೆ 2004ರ ಅಕ್ಟೋಬರ್ 23ರಂದು ಭೂಕಂಪವಾದಾಗ ಬೆಟ್ಟ ಕುಸಿದು, ಕೊಳಗಳು ಒಡೆದು, ಲೆಕ್ಕವಿಲ್ಲದಷ್ಟು ಮೀನು ಹೋದವು. ಈ ವಿದ್ಯೆಯಲ್ಲಿ ಲೋಕಕ್ಕೇ ಗುರುಗಳಾದವರ ಕೊಳವೂ ಕೆಳಗಿನ ನೆಲ ಜರುಗಿದಾಗ ನಿಲ್ಲಲಿಲ್ಲ. ನಮ್ಮಲ್ಲಿ ನೆಲ ಅಲುಗಲು ಭೂಕಂಪವೇ ಆಗಬೇಕಿಲ್ಲ. ಒಂದು ಮಳೆಗಾಲ, ಅದರ ಹಿಂದೆ ಒಂದು ಬೇಸಿಗೆ ಸಾಕು.

ಈಗ ಲೆಕ್ಕಕ್ಕೆ ಬಾ. ಒಳಗೆ 12 ಅಡಿ ಉದ್ದ, 8 ಅಡಿ ಅಗಲ, ನಾಲ್ಕೂವರೆ ಅಡಿ ನೀರು ನಿಲ್ಲುವ ಕೊಳ ಎಂದಿಟ್ಟುಕೊ. ಅದು 432 ಘನ ಅಡಿ, ಸುಮಾರು 12,200 ಲೀಟರ್. ನೀರೊಂದೇ 12 ಟನ್ನಿಗೆ ಮೇಲೆ. ಅದರ ಜೊತೆಗೆ ಕಾಂಕ್ರೀಟಿನ ತೂಕ. ಈ ಭಾರ ಹಗಲೂ ರಾತ್ರಿ ಒಂದೇ ಜಾಗದಲ್ಲಿ ಕೂತಿರುತ್ತದೆ. ನೆಲ ಎಲ್ಲ ಕಡೆಯೂ ಒಂದೇ ಸಮ ಗಟ್ಟಿಯಾಗಿದ್ದರೆ ಇಷ್ಟು ಭಾರ ಏನೂ ಅಲ್ಲ. ಒಂದು ಮೂಲೆ ಮೆತ್ತಗಿದ್ದು ಇನ್ನೊಂದು ಮೂಲೆ ಬಂಡೆಯ ಮೇಲಿದ್ದರೆ ತಳ ನಡುವೆ ಬಿರುಕು ಬಿಡುತ್ತದೆ. ಅಂಥ ಬಿರುಕನ್ನು ಯಾವ ಬಣ್ಣವೂ, ಯಾವ ಲೇಪವೂ ಮುಚ್ಚಿ ಉಳಿಸುವುದಿಲ್ಲ.

ಆದ್ದರಿಂದ ಮೊದಲ ಗುದ್ದಲಿ ಬೀಳುವ ಮುನ್ನ ಮಣ್ಣು ನೋಡು. ಬೆಂಗಳೂರು, ಕೋಲಾರದ ಕಡೆ ಕೆಂಪು ಮಣ್ಣು. ಅಡಿಯಲ್ಲಿ ಗಟ್ಟಿ ಪದರ ಸಿಕ್ಕರೆ ಕೆಲಸ ಸಲೀಸು. ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಹಾಗಲ್ಲ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ಕಡೆ ತಳದ ಕೆಳಗಿನ ಎರೆಯನ್ನು ಎಂಜಿನಿಯರ್ ಹೇಳಿದಷ್ಟು ಆಳ ತೆಗೆಸಿ, ಉಬ್ಬದ ಗಟ್ಟಿ ಗರಸು ತುಂಬಿಸಿಯೇ ಮುಂದಿನ ಮಾತು. ಇನ್ನು ನಗರದ ಹೊಸ ಬಡಾವಣೆಗಳಲ್ಲಿ ಕಾದಿರುವ ಅಪಾಯವೇ ಬೇರೆ: ತುಂಬಿದ ಮಣ್ಣು. ಮೇಲೆ ಹುಲ್ಲುಹಾಸು ಚೆಂದ ಕಾಣುತ್ತದೆ, ಎರಡಡಿ ಅಗೆದರೆ ಒಡೆದ ಇಟ್ಟಿಗೆ, ಪ್ಲಾಸ್ಟಿಕ್ ಚೀಲ, ಹಳೆಯ ಗಾರೆ. ಅದರ ಮೇಲೆ ಎಂದೂ ತಳ ಹಾಕಬೇಡ. ಮೂಲ ನೆಲ ಸಿಗುವವರೆಗೆ ತೆಗೆಸು. ಮತ್ತೆ ತುಂಬುವುದಿದ್ದರೆ ಆರಾರು ಇಂಚಿನ ಪದರವಾಗಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ದಮ್ಮಸು ಹೊಡೆಸು. ಒಂದೇ ಸಲ ಎರಡಡಿ ಮಣ್ಣು ಸುರಿದು ಮೇಲೆ ನಾಲ್ಕು ಏಟು ಹಾಕಿದರೆ ಗಟ್ಟಿಯಾಗುವುದು ಮೇಲಿನ ತೊಗಲು ಮಾತ್ರ.

ಜಾಗ ಆರಿಸುವಾಗ ತಲೆಯೆತ್ತಿಯೂ ನೋಡು. ಆಲ, ಅರಳಿ, ಅತ್ತಿಯಂಥ ಮರಗಳ ಬೇರು ನೀರಿನ ವಾಸನೆ ಹಿಡಿದು ಬರುತ್ತದೆ; ಕೂದಲೆಳೆಯ ಬಿರುಕು ಸಿಕ್ಕರೂ ಅದನ್ನು ಬೆರಳಿನಷ್ಟು ಮಾಡುತ್ತದೆ. ತೆಂಗಿನ ಮರದ ಕೆಳಗೆ ಕೊಳ ಬೇಕೆಂದು ಯಜಮಾನರು ಆಸೆಪಟ್ಟರೆ ಕಾಯಿ-ಗರಿ ಎಲ್ಲಿ ಬೀಳುತ್ತದೆ ಎಂದು ಅವರನ್ನೇ ಕೇಳು.

ನೀರು ಒಳಗಿನಿಂದ ಹೊರಗೆ ಹೋಗುವುದನ್ನಷ್ಟೇ ಎಲ್ಲರೂ ಯೋಚಿಸುತ್ತಾರೆ. ಕೆಳಗಿನಿಂದ ಮೇಲಕ್ಕೆ ಒತ್ತುವ ನೀರು ಅದಕ್ಕಿಂತ ಬಲಶಾಲಿ. ನಮ್ಮ ಲೆಕ್ಕದ ಕೊಳಕ್ಕೆ ತಳ, ಗೋಡೆ ಎರಡೂ ಆರು ಇಂಚು ದಪ್ಪ ಎಂದರೆ ಖಾಲಿ ತೊಟ್ಟಿಯ ತೂಕ ಸುಮಾರು ಹತ್ತೂವರೆ ಟನ್. ಕರಾವಳಿಯಲ್ಲೋ ಮಲೆನಾಡಿನಲ್ಲೋ ಆಷಾಢದ ಮಳೆಗೆ ಸುತ್ತಲಿನ ನೆಲದ ನೀರು ಅಂಚಿನವರೆಗೂ ಏರಿತು ಎಂದುಕೊ. ಆಗ ಆ ತೊಟ್ಟಿಯನ್ನು ಮೇಲಕ್ಕೆತ್ತುವ ಬಲ ಹದಿನಾರು ಟನ್ನಿಗೂ ಹೆಚ್ಚು. ನೀರು ತುಂಬಿದ್ದರೆ ಚಿಂತೆಯಿಲ್ಲ. ಶುಚಿ ಮಾಡಲೆಂದು ಅದೇ ದಿನ ಖಾಲಿ ಮಾಡಿದರೆ ಕಾಂಕ್ರೀಟ್ ಕೊಳ ದೋಣಿಯಂತೆ ತೇಲಿ ಏಳುತ್ತದೆ, ಇಲ್ಲವೇ ತಳ ನಡುವೆ ಉಬ್ಬಿ ಒಡೆಯುತ್ತದೆ. ಅಂಥ ಜಾಗದಲ್ಲಿ ತಳದ ಕೆಳಗೆ ಜಲ್ಲಿಯ ಪದರ, ಅದರಲ್ಲಿ ತೂತಿನ ಪೈಪು, ಅದರ ನೀರು ಹರಿದುಹೋಗಲು ತಗ್ಗಿನ ದಾರಿ ಮಾಡು. ಜೊತೆಗೆ ಯಜಮಾನರಿಗೆ ಬಾಯಿಬಿಟ್ಟು ಹೇಳು: ಮಳೆಗಾಲದಲ್ಲಿ ಕೊಳ ಪೂರ್ತಿ ಖಾಲಿ ಮಾಡಬೇಡಿ. ಹೇಳದೆ ಬಂದರೆ ಒಡೆದ ದಿನ ಹೆಸರು ಕೆಡುವುದು ನಿನ್ನದೇ.

ಇನ್ನು ತಳದ ಪೈಪು. ಕೊಯಿ ಮೀನು ತಿನ್ನುವುದೂ ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ಗಲೀಜು ತಳಕ್ಕೆ ಕೂತು ಕೊಳೆತರೆ ಅಮೋನಿಯಾ ಹುಟ್ಟುತ್ತದೆ, ಅದೇ ಮೀನಿಗೆ ವಿಷ. ಆದ್ದರಿಂದ ತಳದ ನಡುವೆ ಒಂದು ಬಾಟಮ್ ಡ್ರೈನ್, ಅಲ್ಲಿಂದ ಫಿಲ್ಟರ್ ತೊಟ್ಟಿಗೆ 110 ಮಿಲಿಮೀಟರಿನ ಪಿವಿಸಿ ಪೈಪು ಇರಲೇಬೇಕು. ಇದು ಕಾಂಕ್ರೀಟಿನ ಕೆಳಗೆ ಹೋಗುವ ಸಾಮಾನು. ಮರೆತರೆ ಮತ್ತೆ ತಳ ಒಡೆಯಬೇಕು. ತಳದ ಕೆಳಗೆ ಜೋಡಣೆ ಆದಷ್ಟು ಕಮ್ಮಿ ಇರಲಿ, ಚೂಪು ತಿರುವು ಬೇಡ. ಮುಚ್ಚುವ ಮುನ್ನ ಎರಡೂ ತುದಿಗೆ ಬಿರಡೆ ಹಾಕಿ, ನೀರು ತುಂಬಿ, ಒಂದು ರಾತ್ರಿ ಬಿಟ್ಟು ನೋಡು. ಪಿವಿಸಿಯ ನುಣುಪಿಗೆ ಕಾಂಕ್ರೀಟ್ ಅಂಟುವುದಿಲ್ಲ, ಸೋರುವುದು ಅಲ್ಲಿಂದಲೇ. ಕಾಂಕ್ರೀಟಿನೊಳಗೆ ಬರುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪಿನ ಸಲ್ಯೂಷನ್ ಸವರಿ, ಮೇಲೆ ದಪ್ಪ ಮರಳು ಉದುರಿಸಿ ಒಣಗಲು ಬಿಡು. ಆ ಒರಟುತನವನ್ನು ಕಾಂಕ್ರೀಟ್ ಹಿಡಿದುಕೊಳ್ಳುತ್ತದೆ. ಸುರಿಯುವಾಗ ಡ್ರೈನಿನ ಬಾಯಿಗೆ ಗೋಣಿ ತುರುಕಲು ಮರೆಯಬೇಡ. ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾದರೆ ಪೈಪು ಇದ್ದೂ ಇಲ್ಲದಂತೆ.

ಗುಂಡಿ ಸಮವಾದ ಮೇಲೆ 40 ಮಿಲಿಮೀಟರ್ ಜಲ್ಲಿಯ ಬೆಡ್ ಕಾಂಕ್ರೀಟ್ ಹಾಕು, ಕನಿಷ್ಠ ಮೂರು ಇಂಚು. ಅದು ಭಾರ ಹೊರಲಿಕ್ಕಲ್ಲ. ಕಂಬಿ ಕಟ್ಟುವವರಿಗೆ ಒಣ, ಸಮ ನೆಲ ಕೊಡಲಿಕ್ಕೆ, ಮೇಲಿನ ಕಾಂಕ್ರೀಟಿನ ನೀರನ್ನು ಮಣ್ಣು ಹೀರದಂತೆ ತಡೆಯಲಿಕ್ಕೆ. ತಳದ ಇಳಿಜಾರನ್ನೂ ಇಲ್ಲೇ ಕೊಟ್ಟುಬಿಡು, 50 ಅಡಿಗೆ 1 ಅಡಿಯ ಲೆಕ್ಕದಲ್ಲಿ. ನಮ್ಮ ಕೊಳದಲ್ಲಿ ದೂರದ ಗೋಡೆಯಿಂದ ಡ್ರೈನಿಗೆ ಒಂದೂವರೆ ಇಂಚು ಇಳಿತ ಬರುತ್ತದೆ. ಇಳಿಜಾರನ್ನು ಕೊನೆಗೆ ಗಾರೆಯಿಂದ ಮಾಡೋಣ ಎನ್ನುವವರಿದ್ದಾರೆ. ಆ ತೆಳು ಗಾರೆ ನೀರಿನಡಿಯಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೆಡ್ ಒಣಗಿದ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಕೆಳಗೆ ಜಾರಲು ಜಾಗವಿದ್ದರೆ ಬಿರುಕು ಕಮ್ಮಿ.

ಕಂಬಿಯ ವಿಷಯದಲ್ಲಿ ದಪ್ಪಕ್ಕಿಂತ ಜಾಗ ಮುಖ್ಯ. ಇಷ್ಟು ಗಾತ್ರದ ಕೊಳಕ್ಕೆ ಆರು ಇಂಚಿನ ತಳ, 8 ಮಿಲಿಮೀಟರ್ ಕಂಬಿ, ಆರಾರು ಇಂಚಿಗೆ ಒಂದರಂತೆ, ಕೆಳಗೊಂದು ಮೇಲೊಂದು ಎರಡು ಜಾಲರಿ ಸಾಕು. ಇದಕ್ಕಿಂತ ದೊಡ್ಡದೋ ಆಳದ್ದೋ ಆದರೆ ಎಂಜಿನಿಯರ್ ಬಳಿ ನಕ್ಷೆ ಮಾಡಿಸು. ಅವರ ಫೀಸು ಉಳಿಸಲು ಹೋಗಬೇಡ. ಜಾಲರಿಯನ್ನು ನೆಲದ ಮೇಲೆ ಮಲಗಿಸಿಟ್ಟು, ಕಾಂಕ್ರೀಟ್ ಬೀಳುವಾಗ ಕೊಕ್ಕೆಯಿಂದ ಎತ್ತುತ್ತೇವೆ ಎಂದು ಕೂಲಿಯವರು ಹೇಳುತ್ತಾರೆ. ಒಪ್ಪಬೇಡ. ಎತ್ತಿದ ಕಂಬಿ ಮುಂದಿನ ಬೂಟುಗಾಲಿಗೆ ಮತ್ತೆ ಕೆಳಗಿಳಿಯುತ್ತದೆ. ಕೆಳ ಜಾಲರಿಗೆ ಕವರ್ ಬ್ಲಾಕ್, ಮೇಲಿನದಕ್ಕೆ ಕಂಬಿಯದೇ ಕುರ್ಚಿ. ನೀರಿಗೆ ತಾಗುವ ಕಡೆ 45 ಮಿಲಿಮೀಟರ್ ಕವರ್ ಇರಲಿ. ಕಲ್ಲಿನ ಚೂರು, ಇಟ್ಟಿಗೆ ಚೂರು ಕೊಟ್ಟು ಕವರ್ ಬ್ಲಾಕಿನ ಕೆಲಸ ಮುಗಿಸುವವರನ್ನು ಅಲ್ಲೇ ನಿಲ್ಲಿಸು. ಇಟ್ಟಿಗೆ ನೀರು ಹೀರಿ ನೇರ ಕಂಬಿಗೆ ಮುಟ್ಟಿಸುತ್ತದೆ. ಗೋಡೆಯ ಕಂಬಿಗಳ ಬುಡವನ್ನು ತಳದ ಜಾಲರಿಗೆ ಬಗ್ಗಿಸಿ ಕಟ್ಟಿಬಿಡು. ತಳದ ಜೊತೆಗೇ ಸುತ್ತ ಆರು ಇಂಚಿನ ಗೋಡೆ ಎಬ್ಬಿಸಿ, ಅದರ ನಡುವೆ ವಾಟರ್ ಸ್ಟಾಪ್ ಪಟ್ಟಿ ನಿಲ್ಲಿಸು. ತಳವೂ ಗೋಡೆಯೂ ಸೇರುವ ಮೂಲೆಯಲ್ಲೇ ಜೋಡು ಬಂದರೆ ಕೊಳಗಳು ಸೋರುವುದು ಅಲ್ಲೇ. ಜೋಡನ್ನು ಮೂಲೆಯಿಂದ ಆರು ಇಂಚು ಮೇಲಕ್ಕೆ ತಂದರೆ ಅರ್ಧ ಯುದ್ಧ ಗೆದ್ದ ಹಾಗೆ.

ಕಾಂಕ್ರೀಟಿಗೆ ಬರೋಣ. ತಾರಸಿಗೆ ಹಾಕುವ 1:1.5:3 ಎಂ-20ರ ಲೆಕ್ಕ. ನೀರು ಹಿಡಿಯುವ ಕಂಬಿ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 3370 ಕೇಳುವುದು ಎಂ-30. ಸಿಮೆಂಟಿನ ತೂಕಕ್ಕೆ ನೀರು 0.45 ಪಾಲು ಮೀರಬಾರದು. ಅಂದರೆ 50 ಕಿಲೋ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್. ಮರಳಿನಲ್ಲಿ ಇರುವ ತೇವವೂ ಅದರಲ್ಲೇ ಸೇರಿತು. ಎಂ-30ನ್ನು ಬಾಂಡ್ಲಿ ಲೆಕ್ಕದಲ್ಲಿ ಕಲಸಿ ಭರವಸೆ ಕೊಡಲು ಆಗುವುದಿಲ್ಲ. ಹತ್ತಿರದ ರೆಡಿಮಿಕ್ಸ್ ಘಟಕದಿಂದ ತರಿಸು, ಇಲ್ಲವೇ ಲ್ಯಾಬಿನಿಂದ ಮಿಕ್ಸ್ ಡಿಸೈನ್ ಮಾಡಿಸಿ ತೂಕ ಹಾಕಿ ಕಲಸು. ಈ ತಳಕ್ಕೆ ಬೇಕಾಗುವುದು ಸುಮಾರು 1.7 ಘನ ಮೀಟರ್; ಸುತ್ತಲಿನ ಆರಿಂಚು ಗೋಡೆ ಸೇರಿದರೆ ಎರಡರ ಹತ್ತಿರ. ಎಂ-ಸ್ಯಾಂಡಿನಲ್ಲಿ ಪುಡಿ ಜಾಸ್ತಿ ಇದ್ದರೆ ಕಾಂಕ್ರೀಟ್ ಬಿಗಿದುಕೊಳ್ಳುತ್ತದೆ, ಕೆಲಸದವರು ಪೈಪು ಹಿಡಿದು ನೀರು ಬಿಡುತ್ತಾರೆ. ಅಲ್ಲೇ ಕೆಡುವುದು. ಹೆಚ್ಚಾದ ನೀರು ಒಣಗಿ ಹೋದ ಜಾಗವೇ ನಾಳೆ ಸೋರುವ ದಾರಿ. ಸಲೀಸಾಗಿ ಹರಿಯಬೇಕೆಂದರೆ ಪ್ಲಾಸ್ಟಿಸೈಸರ್ ಹಾಕಿಸು, ನೀರಿನ ಪೈಪನ್ನು ದೂರ ಇಡು.

ಸುರಿಯುವುದು ಬೆಳಗಿನ ಹೊತ್ತೋ ಇಳಿಬಿಸಿಲಲ್ಲೋ ಇರಲಿ, ಒಂದೇ ಪಟ್ಟಿಗೆ ಮುಗಿಯಲಿ. ಅರ್ಧ ಹಾಕಿ ಊಟಕ್ಕೆ ಹೋದರೆ ಮೊದಲರ್ಧ ಬಿಗಿದು, ನಡುವೆ ಸೋರುವ ಜೋಡು ಹುಟ್ಟುತ್ತದೆ. ವೈಬ್ರೇಟರನ್ನು ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಎತ್ತಬೇಕು; ಕಾಂಕ್ರೀಟನ್ನು ಅದರಿಂದ ತಳ್ಳಿಕೊಂಡು ಹೋಗಬಾರದು. ಡ್ರೈನಿನ ಸುತ್ತ, ಮೂಲೆಗಳಲ್ಲಿ ನೀನೇ ನಿಂತು ನೋಡು. ಮೇಲ್ಮೈ ನುಣ್ಣಗಿರಲಿ, ಒರಟು ತಳಕ್ಕೆ ಮೈ ಉಜ್ಜಿ ಮೀನಿನ ಹುರುಪೆ ಏಳುತ್ತದೆ, ಆ ಗಾಯದಿಂದ ರೋಗ.

ಗಾರೆಯವರು ಕರಣೆ ತೊಳೆದು ಹೊರಟ ಮೇಲೆ ನಿನ್ನ ನಿಜವಾದ ಕೆಲಸ ಶುರು. ಚೈತ್ರ-ವೈಶಾಖದ ಒಣಗಾಳಿಗೆ ಹಸಿ ಕಾಂಕ್ರೀಟ್ ಕೆಲವೇ ಗಂಟೆಯಲ್ಲಿ ಬಿರುಕು ಬಿಡುತ್ತದೆ. ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸು. ಮಾರನೆಯ ದಿನ ಡ್ರೈನಿಗೆ ಬಿರಡೆ ಬಡಿದು ನೀರು ನಿಲ್ಲಿಸು. ಆರು ಇಂಚಿನ ಗೋಡೆ ಎದ್ದಿರುವುದರಿಂದ ಬೇರೆ ಕಟ್ಟೆ ಕಟ್ಟುವ ಕೆಲಸವೂ ಇಲ್ಲ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ, ಪಿಎಸ್‌ಸಿ ಥರದ ಮಿಶ್ರ ಸಿಮೆಂಟ್. ಅವು ನಿಧಾನಕ್ಕೆ ಬಲ ಪಡೆಯುತ್ತವೆ, 14 ದಿನ ನೀರು ಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ಒದ್ದೆ ಮಾಡಿದರೆ ಅದು ಕ್ಯೂರಿಂಗ್ ಅಲ್ಲ. ನಡುವೆ ಒಂದು ಗಂಟೆಯೂ ಒಣಗಬಾರದು.

ಗೋಡೆ ಎದ್ದು, 28 ದಿನ ಕಳೆದ ಮೇಲೆ, ಸುತ್ತ ಮಣ್ಣು ತುಂಬುವ ಮುನ್ನ ನೀರು ತುಂಬಿ ಪರೀಕ್ಷೆ ಮಾಡು. ಮೊದಲ 7 ದಿನ ಕಾಂಕ್ರೀಟ್ ಕುಡಿದುಕೊಳ್ಳಲಿ. ಆಮೇಲೆ ಅಂಚಿನಲ್ಲಿ ಗುರುತು ಹಾಕಿ, ದಿನಾ ಅದೇ ಹೊತ್ತಿಗೆ ಅಳತೆ ತೆಗೆ. ಮತ್ತೆ 7 ದಿನದಲ್ಲಿ ಆವಿ, ಮಳೆಯ ಲೆಕ್ಕ ಕಳೆದು ಎಷ್ಟು ಇಳಿಯಿತು ಎಂದು ನೋಡು. ಆವಿ ಎಷ್ಟು ಎಂದು ತಿಳಿಯಲು ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದರ ಇಳಿತವನ್ನೂ ಅಳೆ. ಎರಡೂ ಒಂದೇ ಸಮ ಇಳಿದರೆ ಕೊಳ ಗಟ್ಟಿ.

ಸೋರಲಿಲ್ಲ ಎಂದ ಕೂಡಲೇ ಮೀನು ಬಿಡುವ ಹಾಗಿಲ್ಲ. ಹೊಸ ಕಾಂಕ್ರೀಟಿನ ಸುಣ್ಣ ನೀರಿಗಿಳಿದು ಪಿಎಚ್ ಏರಿಸುತ್ತದೆ. ಕೊಯಿಗೆ 7ರಿಂದ 8.5ರ ನಡುವೆ ಹಿತ. ಹೊಸ ತೊಟ್ಟಿಯಲ್ಲಿ ಅದು ಸಲೀಸಾಗಿ 10 ದಾಟುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷವೂ ಏರುತ್ತದೆ. ಒಂದೋ ಕುಡಿಯುವ ನೀರಿನ ತೊಟ್ಟಿಗೆ ಬಳಸುವ ದರ್ಜೆಯ ಲೇಪವನ್ನು ಎರಡು ಕೋಟು ಅಡ್ಡ-ಉದ್ದ ಹೊಡೆಸು, ಇಲ್ಲವೇ ನೀರು ತುಂಬಿ, ಕೆಲವು ದಿನ ಬಿಟ್ಟು, ಉಜ್ಜಿ ಚೆಲ್ಲಿ, ಮತ್ತೆ ತುಂಬು. ವಾರವಿಡೀ ಪಿಎಚ್ ಏರದೆ ನಿಲ್ಲುವವರೆಗೆ. ನಲ್ಲಿ ನೀರಿನ ಕ್ಲೋರಿನ್ ಹೋಗಲಾಡಿಸದೆ ಮೀನು ಬಿಡಬೇಡ.

ಯಜಮಾನರು ಆತುರಪಡುತ್ತಾರೆ. ಗೃಹಪ್ರವೇಶಕ್ಕೆ ಮೀನು ಈಜಬೇಕು ಎನ್ನುತ್ತಾರೆ. ಅಗೆತದಿಂದ ಮೀನಿನವರೆಗೆ ಎರಡೂವರೆ-ಮೂರು ತಿಂಗಳು ಬೇಕೆಂದು ಮುಂಗಡ ಹಣ ಹಿಡಿಯುವ ಮೊದಲೇ ಹೇಳು. ಒಪ್ಪದಿದ್ದರೆ ಕೆಲಸ ಬಿಡು. ಸೋರುವ ಕೊಳ ಕಟ್ಟಿದವನೆಂಬ ಹೆಸರಿಗಿಂತ ಆ ನಷ್ಟ ಚಿಕ್ಕದು. ಗುಂಡಿಯಲ್ಲಿ ಇಳಿಯುವವರ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿರು. ಐದಡಿ ಗುಂಡಿಯ ಅಂಚಿಗೆ ಮಣ್ಣಿನ ರಾಶಿ ಹಾಕಿಸಬೇಡ, ಮಳೆ ಬಂದ ಮರುದಿನ ಅಂಚು ನೋಡದೆ ಯಾರನ್ನೂ ಇಳಿಸಬೇಡ. ಕಾಂಕ್ರೀಟಿನಲ್ಲಿ ಬರಿಗಾಲಲ್ಲಿ ನಿಂತವರ ಕಾಲು ಸುಣ್ಣಕ್ಕೆ ಸುಡುತ್ತದೆ. ಬೂಟು, ಕೈಗವಸು ನಿನ್ನ ಖರ್ಚು. ಪಂಪಿನ ಲೈನಿಗೆ ಆರ್‌ಸಿಸಿಬಿ ಹಾಕಿಸು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೊಳದ ಸುತ್ತ ಕಂಬಿಬೇಲಿ ಬೇಕೆಂದು ನೀನೇ ಕೇಳು.

ಕೊನೆಗೊಂದು ಮಾತು. ಬೆಡ್ ಹಾಕುವಾಗ, ಪೈಪು ಕೂಡಿಸುವಾಗ, ಕಂಬಿ ಕಟ್ಟಿದಾಗ ಮೊಬೈಲಿನಲ್ಲಿ ಫೋಟೋ ತೆಗೆದು, ಪೈಪು ಗೋಡೆಯಿಂದ ಎಷ್ಟು ದೂರ, ಎಷ್ಟು ಆಳದಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಯಜಮಾನರ ಕೈಗೆ ಕೊಡು. ಮುಂದೆ ಯಾರೇ ರಿಪೇರಿಗೆ ಬರಲಿ, ಕುರುಡಾಗಿ ಒಡೆಯುವುದು ತಪ್ಪುತ್ತದೆ. ತೋರಿಸಲು ನಾಚಿಕೆಯಾಗುವ ಕೆಲಸವೇನಾದರೂ ಆ ಫೋಟೋದಲ್ಲಿ ಕಂಡರೆ, ಕಾಂಕ್ರೀಟಿನ ಗಾಡಿ ಬರುವ ಮೊದಲೇ ಅದನ್ನು ಬಿಚ್ಚಿಸಿ ಸರಿಮಾಡಿಸು. ಆಮೇಲೆ ಸುರಿ.